ಓದುಗರ ಪ್ರಶ್ನೆ: ಒಬ್ಬನೇ ಸದ್ದಾಂ, ಇಬ್ಬರು ನೆರೆಯವರು

(ಕುವೈತಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು, 1990ರ ಗಲಾಟೆಯಲ್ಲಿ ಊರಿಗೆ ಮರಳಿದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.)

ಪ್ರಶ್ನೆ: ಒಂದು ದೇಶ ಪಕ್ಕದ ದೇಶಕ್ಕೆ ನುಗ್ಗಿದಾಗ ಉಳಿದವರು ಒಮ್ಮೆ ಸೈನ್ಯವನ್ನೇ ಕಳಿಸುತ್ತಾರೆ, ಇನ್ನೊಮ್ಮೆ ಹೇಳಿಕೆ ಕೊಟ್ಟು ಸುಮ್ಮನಾಗುತ್ತಾರೆ. ಯಾಕೆ ಹೀಗೆ?
– ಪದವಿ ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ನುಗ್ಗಿದವನು ಯಾರು ಎಂದು ಯಾರೂ ಕೇಳುವುದಿಲ್ಲಮ್ಮ. ಪೆಟ್ಟು ತಿಂದವನು ಯಾರಿಗೆ ಬೇಕಾದವನು ಎಂದು ಕೇಳುತ್ತಾರೆ. ಮಾತು ಕಹಿ ಅನ್ನಿಸಿದರೆ ಇರಾಕನ್ನು ಆಳುತ್ತಿದ್ದ ಸದ್ದಾಂ ಹುಸೇನನ ಎರಡು ದಂಡಯಾತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡು.

1980ರ ಸೆಪ್ಟೆಂಬರ್ 22ರಂದು ಅವನ ಸೈನ್ಯ ಇರಾನಿಗೆ ನುಗ್ಗಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆರು ದಿನ ಬಿಟ್ಟು 479ನೇ ನಿರ್ಣಯ ಮಾಡಿತು. ಅದರಲ್ಲಿ ಇರಾಕ್ ಹಿಂದೆ ಸರಿಯಬೇಕೆಂಬ ಮಾತೇ ಇಲ್ಲ. ಇಬ್ಬರೂ ಹೊಡೆದಾಟ ನಿಲ್ಲಿಸಿ ಎಂದಷ್ಟೇ. ಕಳ್ಳನಿಗೂ ಮನೆ ಯಜಮಾನನಿಗೂ ಒಂದೇ ಬುದ್ಧಿವಾದ. ಆಗ 52 ಮಂದಿ ಅಮೆರಿಕನ್ನರು ಇರಾನಿನಲ್ಲಿ ಒತ್ತೆಯಾಳುಗಳಾಗಿದ್ದರು, ಕೊಲ್ಲಿಯ ದೊರೆಗಳಿಗೆ ಇರಾನಿನ ಧರ್ಮಗುರು ಖೊಮೇನಿಯ ಕ್ರಾಂತಿ ಎಂದರೆ ನಡುಕ. ಇರಾನಿನ ಪರ ಬಾಯಿ ತೆರೆಯುವವರು ಯಾರಿದ್ದರು? ಇಬ್ಬರೂ ಅಂತಾರಾಷ್ಟ್ರೀಯ ಗಡಿಗೆ ಹಿಂದಿರುಗಿ ಎಂದು ಮಂಡಳಿಗೆ ಹೇಳಬೇಕೆನಿಸಿದ್ದು 1982ರ ಜುಲೈಯಲ್ಲಿ. ಅಷ್ಟರಲ್ಲಿ ಇರಾನಿಗಳು ಇರಾಕ್ ಹಿಡಿದಿದ್ದ ತಮ್ಮ ಖೊರಂಶಹರ ಪಟ್ಟಣವನ್ನು ತಾವೇ ಬಿಡಿಸಿಕೊಂಡು ಇರಾಕಿನ ಗಡಿಯತ್ತ ಹೊರಟಾಗಿತ್ತು! ಆ ವರ್ಷವೇ ಅಮೆರಿಕ ತನ್ನ ಭಯೋತ್ಪಾದನೆಯ ಪಟ್ಟಿಯಿಂದ ಇರಾಕಿನ ಹೆಸರು ತೆಗೆಯಿತು. ಯುದ್ಧ ಎಂಟು ವರ್ಷ ನಡೆಯಿತು. ವಿಷಾನಿಲ ಬಿಟ್ಟರೂ ಸದ್ದಾಂಗೆ ಸಾಲ ಹುಟ್ಟುತ್ತಲೇ ಇತ್ತು. ಕೊಟ್ಟವರಲ್ಲಿ ಕುವೈತೂ ಒಂದು.

ಆ ಸಾಲಗಾರನೇ 1990ರ ಆಗಸ್ಟ್ 2ರ ಬೆಳಗಿನ ಜಾವ ಕುವೈತಿಗೆ ಬಂದ. ಮಂಡಳಿ ಅದೇ ದಿನ ಸೇರಿ 'ಕೂಡಲೇ, ಷರತ್ತಿಲ್ಲದೆ ಹಿಂದೆ ಸರಿ' ಎಂದಿತು. ಇರಾಕಿಗೆ ಅಷ್ಟು ವರ್ಷ ಆಯುಧ ಮಾರಿದ್ದ ಸೋವಿಯತ್ ಒಕ್ಕೂಟ ಮರುದಿನ ಮಾಸ್ಕೋದಲ್ಲಿ ಅಮೆರಿಕದೊಂದಿಗೆ ನಿಂತು ಜಂಟಿ ಹೇಳಿಕೆ ಕೊಟ್ಟಿತು. 6ರಂದು ಇರಾಕಿನೊಂದಿಗೆ ವ್ಯಾಪಾರವೆಲ್ಲ ಬಂದ್. ನವೆಂಬರ್ 29ರಂದು, ಜನವರಿ 15ರೊಳಗೆ ಜಾಗ ಖಾಲಿ ಮಾಡದಿದ್ದರೆ ಬಲಪ್ರಯೋಗ ಎಂಬ 678ನೇ ನಿರ್ಣಯ. ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಒಂದೇ ಅಪರಾಧವಲ್ಲ. ವಿಶ್ವಸಂಸ್ಥೆಯ ಸದಸ್ಯ ದೇಶವನ್ನೇ ನುಂಗಿ 'ಇದು ನಮ್ಮ 19ನೇ ಪ್ರಾಂತ್ಯ' ಎಂದದ್ದು ಹೊಸ ಸೊಕ್ಕು. ಆದರೆ ಪಕ್ಕದಲ್ಲಿ ಸೌದಿಯ ಎಣ್ಣೆ ಇಲ್ಲದಿದ್ದರೆ ಐದು ಲಕ್ಷ ಅಮೆರಿಕನ್ ಸೈನಿಕರು ಆ ಮರಳಿಗೆ ಬರುತ್ತಿದ್ದರು ಎಂದು ನಾನಂತೂ ನಂಬಲಾರೆ.

ಪ್ರಶ್ನೆ: ದೊಡ್ಡವರಿಗೆ ಎದುರಾಗಿ ಮತ ಹಾಕಿದ ಸಣ್ಣ ದೇಶಗಳ ಗತಿ?
– ನಿವೃತ್ತ ಅಂಚೆ ನೌಕರ, ಸಾಗರ

ಉತ್ತರ: ಯೆಮನ್ ಆಗ ಮಂಡಳಿಯಲ್ಲಿದ್ದ ಏಕೈಕ ಅರಬ್ ದೇಶ. ಎರಡು ಯೆಮನ್‌ಗಳು ಒಂದಾಗಿ ಆರು ತಿಂಗಳು ಕಳೆದಿತ್ತಷ್ಟೇ. 678ಕ್ಕೆ ಅದು 'ಇಲ್ಲ' ಎಂದಿತು. ಜೊತೆಗಿದ್ದದ್ದು ಕ್ಯೂಬಾ ಮಾತ್ರ. ಚೀನಾ ತಟಸ್ಥವಾಗಿ ಜಾಣನಾಯಿತು. ನೀವು ಹಾಕಿದ ಮತಗಳಲ್ಲೇ ಇದು ಅತ್ಯಂತ ದುಬಾರಿ ಎಂದು ಅಮೆರಿಕದ ಕಡೆಯವರು ಯೆಮನ್ ರಾಯಭಾರಿಗೆ ಅಲ್ಲೇ ಹೇಳಿದರಂತೆ. ಅಮೆರಿಕದ ನೆರವು ನಿಂತಿತು. ಸೌದಿಯಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಯೆಮನಿಗಳು ಗಂಟುಮೂಟೆ ಕಟ್ಟಿದರು. ಸೈನ್ಯ ಕಳಿಸಿದ ಈಜಿಪ್ಟಿಗೆ ಕೋಟ್ಯಂತರ ಡಾಲರ್ ಸಾಲ ಮನ್ನಾ.

ಪ್ರಶ್ನೆ: ನಮ್ಮ ವಿದೇಶಾಂಗ ಸಚಿವರು ಬಾಗ್ದಾದಿಗೆ ಹೋಗಿ ಸದ್ದಾಂನನ್ನು ತಬ್ಬಿಕೊಂಡರಲ್ಲ, ನಾಚಿಕೆಗೇಡಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಪ್ರಶ್ನೆಗೆ ನಾನು ನಿಷ್ಪಕ್ಷಪಾತಿ ಅಲ್ಲ. ಐ.ಕೆ. ಗುಜ್ರಾಲ್ ಆ ದಿನ ತಬ್ಬಿಕೊಂಡದ್ದು ನನ್ನಂಥವರ ಸಲುವಾಗಿ. ಕುವೈತಿನ ಸಾಲ್ಮಿಯಾದ ನಮ್ಮ ಕೋಣೆಯಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನ ಹುಡುಗರು. ಜೇಬಿನ ಕುವೈತಿ ದಿನಾರಿಗೆ ರದ್ದಿ ಬೆಲೆ. ಬಾಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿವರೆಗೆ ಬಸ್ಸು, ಅಲ್ಲಿ ಡೇರೆ, ನೀರಿಗೆ ಸಾಲು. ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾ. ಹೀಗೆ 488 ಹಾರಾಟಗಳಲ್ಲಿ ಸುಮಾರು 1,70,000 ಜನ ಬಂದರು. ಇರಾಕಿನ ಅನುಮತಿ ಇಲ್ಲದೆ ಒಂದು ಬಸ್ಸೂ ಹೊರಡುತ್ತಿರಲಿಲ್ಲ.

ಕುವೈತಿಗಳಿಗೆ ಆ ಫೋಟೋ ಬಹುಕಾಲ ಕುಟುಕಿತು, ಅದೂ ಸರಿಯೇ. ಊರು ಕಳಕೊಂಡವರು ಅವರು. ನನಗೆ ಸರಿ ಕಾಣದ್ದು ಬೇರೆ: 1991ರ ಜನವರಿಯಲ್ಲಿ ಚಂದ್ರಶೇಖರ್ ಸರಕಾರ ಅಮೆರಿಕದ ಸೇನಾ ವಿಮಾನಗಳಿಗೆ ನಮ್ಮ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳಲು ಬಿಟ್ಟಿತು, ರಾಜೀವ್ ಗಾಂಧಿ ತಕರಾರು ತೆಗೆದ ಮೇಲೆ ನಿಲ್ಲಿಸಿತು. ಇತ್ತ ಅಪ್ಪುಗೆ, ಅತ್ತ ಪೆಟ್ರೋಲು. ಕೊನೆಗೆ ಇಬ್ಬರಿಗೂ ಬೇಡದವರಾದೆವು.

ಪ್ರಶ್ನೆ: ದಿಗ್ಬಂಧನದಿಂದ ಸದ್ದಾಂ ಬಗ್ಗಿದನೇ?
– ಓದುಗರು, ತುಮಕೂರು

ಉತ್ತರ: ಇಲ್ಲ. ತುರ್ಕಿ, ಸೌದಿ ಎರಡೂ ಅವನ ಎಣ್ಣೆಯ ಕೊಳವೆ ಮುಚ್ಚಿದರೂ ಐದೂವರೆ ತಿಂಗಳು ಜಗ್ಗಲಿಲ್ಲ. ಬಗ್ಗಿಸಿದ್ದು ಜನವರಿ 17ರಿಂದ ಬಿದ್ದ ಬಾಂಬು, ಆಮೇಲೆ ನೂರು ಗಂಟೆಗಳ ಭೂಯುದ್ಧ. ದಿಗ್ಬಂಧನ ಮಾತ್ರ 2003ರವರೆಗೆ ಎಳೆಯಿತು. ಸವೆದದ್ದು ಅಲ್ಲಿನ ಬಡವರು. ಅರಮನೆಗಳು ಏಳುತ್ತಲೇ ಇದ್ದವು.

ಪ್ರಶ್ನೆ: ನಿಮ್ಮಂಥವರ ನಷ್ಟ ತುಂಬಿಕೊಟ್ಟವರು ಯಾರಾದರೂ ಇದ್ದಾರೆಯೇ?
– ಗೃಹಿಣಿ, ಪುತ್ತೂರು

ಉತ್ತರ: ಇದ್ದಾರೆ, ತಡವಾಗಿ. ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗ ತೆರೆದು, ಇರಾಕಿನ ಎಣ್ಣೆಯ ಹಣದಲ್ಲೇ ಪಾಲು ಮುರಿದು ಕೊಟ್ಟಿತು. ಮೊದಲು ಶೇ. 30ರಷ್ಟು, ಸದ್ದಾಂ ಹೋದ ಮೇಲೆ ಶೇ. 5. ದೇಶ ಬಿಟ್ಟು ಓಡಿದ ಒಬ್ಬೊಬ್ಬರಿಗೆ 2,500 ಡಾಲರ್, ಬೇರೆ ಕ್ಲೇಮು ಹಾಕುವುದಿಲ್ಲ ಎಂದು ಬರೆದುಕೊಟ್ಟರೆ 4,000. ನಾನು ಬರೆದುಕೊಟ್ಟೆ, ಕಡತ ಹೊತ್ತು ಅಲೆಯುವ ಚಟ ನನಗಿಲ್ಲ. ಒಟ್ಟು 5,240 ಕೋಟಿ ಡಾಲರಿನ ಕೊನೆಯ ಕಂತು ತೀರಿದ್ದು 2022ರಲ್ಲಿ. ಆ ಹೊತ್ತಿಗೆ ಕಂತು ಕಟ್ಟುತ್ತಿದ್ದ ಇರಾಕಿಗಳಲ್ಲಿ ಹೆಚ್ಚಿನವರು 1990ರಲ್ಲಿ ಹುಟ್ಟಿಯೇ ಇರಲಿಲ್ಲ.