ಜೆಲ್ ಪ್ಲೇಟಿನಲ್ಲಿ ಎಲೆಯ ನರ ಮೂಡಬೇಕಾದರೆ

ಕಟಪಾಡಿಯ ಅಕ್ಕ ಮೂರು ವಿಷಯ ಕೇಳಿದ್ದಾರೆ. ಹೊಸ ಜೆಲ್ ಪ್ಲೇಟಿನ (ಬಣ್ಣ ಹಚ್ಚಿ, ಹಾಳೆ ಒತ್ತಿ ಅಚ್ಚು ತೆಗೆಯುವ ಮೆತ್ತನೆಯ ಹಲಗೆ) ಮೇಲೆ ಎಲೆ ಇಟ್ಟು ಅಚ್ಚು ತೆಗೆದರೆ ನರ ಕಾಣುವುದಿಲ್ಲ, ಬರೀ ಎಲೆಯ ಆಕಾರದ ಬಿಳಿ ಜಾಗ ಬರುತ್ತದೆ. ಮಳೆ ಶುರುವಾದ ಮೇಲೆ ಬಣ್ಣ ಒಣಗುವುದೇ ಇಲ್ಲ. ಮಗಳಿಗೂ ಒಂದು ಪ್ಲೇಟ್ ಬೇಕು, ಆದರೆ ಪ್ರಾಣಿಯ ಎಲುಬು, ಚರ್ಮದಿಂದ ಆಗುವ ಜೆಲಾಟಿನ್ ಮನೆಯೊಳಗೆ ತರುವ ಹಾಗಿಲ್ಲ. ನಾನು ಉಡುಪಿಯಲ್ಲಿ ಐದು ಮಳೆಗಾಲ ಇದೇ ಕೆಲಸದಲ್ಲಿ ಕಳೆದಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನರದ ವಿಷಯ. ನಿಮ್ಮ ಪ್ಲೇಟಿನಲ್ಲಿ ಏನೂ ದೋಷ ಇಲ್ಲ. ಮೊದಲ ಅಚ್ಚು ತೆಗೆದ ಕೂಡಲೇ ಪ್ಲೇಟ್ ಒರೆಸಿಬಿಡುತ್ತಿದ್ದೀರಿ ಅಂತ ಕಾಣುತ್ತದೆ. ನರ ಬರುವುದು ಎರಡನೇ ಅಚ್ಚಿನಲ್ಲಿ.

ಹೀಗೆ ಮಾಡಿ. ಎ5 ಅಳತೆಯ ಪ್ಲೇಟಿಗೆ ಕಡಲೆಬೇಳೆಯಷ್ಟು ದೊಡ್ಡ ನಾಲ್ಕೈದು ಹನಿ ಅಕ್ರಿಲಿಕ್ ಬಣ್ಣ ಸಾಕು. ರೋಲರನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಓಡಿಸಿ. ಶಬ್ದ ಕೇಳಿ. ಬಣ್ಣ ಜಾಸ್ತಿ ಆದರೆ ರೋಲರ್ ಪಚಪಚ ಅನ್ನುತ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಆಗುತ್ತದೆ. ಆಗ ಹಳೆ ಪೇಪರಿನ ಮೇಲೆ ರೋಲರ್ ಉರುಳಿಸಿ ಮತ್ತೆ ಪ್ಲೇಟಿಗೆ ಬನ್ನಿ. ಸರಿಯಾದಾಗ ಸಣ್ಣಗೆ ಸರ್ ಅನ್ನುವ ಸದ್ದು ಮಾತ್ರ. ಎಲೆಯ ಬೆನ್ನು ಬಣ್ಣಕ್ಕೆ ತಾಗುವಂತೆ ಇಡಿ, ನರ ಉಬ್ಬಿರುವುದು ಬೆನ್ನಿನಲ್ಲೇ ಅಲ್ವಾ. ಮೇಲೆ ಹಾಳೆ ಇಟ್ಟು ಅಂಗೈಯಲ್ಲಿ ಉಜ್ಜಿ ತೆಗೆಯಿರಿ. ಇದರಲ್ಲಿ ಬರುವುದು ನೀವು ಹೇಳಿದ ಬಿಳಿ ಆಕಾರ. ಕಾಗದಕ್ಕೂ ಬಣ್ಣಕ್ಕೂ ನಡುವೆ ಎಲೆ ಅಡ್ಡ ಇತ್ತಲ್ಲ. ಈಗ ತೊಟ್ಟು ಹಿಡಿದು ಎಲೆಯನ್ನು ನಿಧಾನ ಎತ್ತಿ. ಅದರ ಅಡಿಯ ಬಣ್ಣ ಹಾಗೇ ಉಳಿದಿರುತ್ತದೆ, ನರ ಒತ್ತಿದಲ್ಲೆಲ್ಲ ಗೆರೆ ಬಿದ್ದಿರುತ್ತದೆ. ತಡಮಾಡದೆ ಎರಡನೇ ಹಾಳೆ ಇಟ್ಟು, ಈ ಸಲ ಬೆರಳ ತುದಿಯಿಂದ ಗಟ್ಟಿಯಾಗಿ ಒತ್ತಿ. ಮೊನ್ನೆ ಅಶ್ವತ್ಥದ ಎಲೆಗೆ ಕಡು ನೀಲಿ ಹಾಕಿದ್ದೆ. ನಡುನರ ಆ ಬಾಲದ ತುದಿಯವರೆಗೂ ಕೂದಲಿನಷ್ಟು ತೆಳುವಾಗಿ ಹೋಗಿತ್ತು. ಅಂಚಿನ ಹತ್ತಿರ ಪಕ್ಕದ ನರಗಳು ಬಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಹುಳ ತಿಂದ ಎರಡು ತೂತು ಕೂಡ ಬಂದಿತ್ತು. ಆ ಹಾಳೆಯನ್ನು ಎಷ್ಟು ಹೊತ್ತು ಹಿಡಿದು ಕೂತಿದ್ದೆನೋ.

ಎಲೆ ಆರಿಸುವುದರಲ್ಲಿ ನಮ್ಮ ಊರಿನವರಿಗೆ ಕೊರತೆ ಇಲ್ಲ. ಆಟಿಯಲ್ಲಿ (ಜುಲೈ-ಆಗಸ್ಟ್) ಮುರಕಲ್ಲಿನ ಗೋಡೆ ತುಂಬಾ ಬರುವ ಜರಿ ಗಿಡ ಎಲ್ಲದಕ್ಕಿಂತ ಸುಲಭ, ತೆಳ್ಳಗೆ, ಚಪ್ಪಟೆ. ಸಾಗುವಾನಿಯ ಎಳೆ ಎಲೆಯ ಬೆನ್ನು ಬಹಳ ಚಂದ. ಪತ್ರೊಡೆಗೆ ತಂದ ಕೆಸುವಿನಲ್ಲಿ ಒಂದು ಎಲೆ ಎತ್ತಿಡಬಹುದು, ಆದರೆ ಅದರ ಮೇಲ್ಭಾಗ ನೀರನ್ನು ಹೇಗೆ ಜಾರಿಸುತ್ತದೋ ಬಣ್ಣವನ್ನೂ ಹಾಗೇ ಜಾರಿಸುತ್ತದೆ, ಬೆನ್ನೇ ಬೇಕು. ಹಲಸಿನ ಎಲೆ ಗಡುಸು. ನಡುನರದ ಎರಡೂ ಕಡೆ ಎಲೆ ಬಣ್ಣಕ್ಕೆ ತಾಗುವುದೇ ಇಲ್ಲ. ಹಳೆ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ, ಪೂರ್ತಿ ಒಣಗಿಸಬೇಡಿ, ಪುಡಿಯಾಗುತ್ತದೆ. ತೆಂಗಿನ ಮಡಲಿನ ಬುಡದಲ್ಲಿ ಬಟ್ಟೆಯಂಥ ಜಾಲರಿ ಇರುತ್ತದಲ್ಲ, ಅದನ್ನೂ, ಮಲ್ಪೆ ಕಡೆ ಸಿಗುವ ಹರಿದ ಬಲೆಯ ತುಂಡನ್ನೂ ಒಮ್ಮೆ ಇಟ್ಟು ನೋಡಿ. ಚಿಪ್ಪು ಮಾತ್ರ ಬೇಡ, ಪ್ಲೇಟ್ ಸೀಳಿಹೋಗುತ್ತದೆ.

ಇನ್ನು ಒಣಗುವ ವಿಷಯ. ವಿಡಿಯೋಗಳಲ್ಲಿ ಹೇಳುವ ಹೊತ್ತಿನ ಲೆಕ್ಕ ಬಹಳಷ್ಟು ಸಲ ಒಣ ಹವೆಯ ಊರಿನದು. ಅಲ್ಲಿ ಎರಡು ನಿಮಿಷಕ್ಕೆ ಒಣಗುವ ಪದರ ನಮ್ಮ ಜುಲೈಯಲ್ಲಿ ಹತ್ತು ನಿಮಿಷ ಆದರೂ ಅಂಟಂಟು. ನಿಮ್ಮ ಎರಡನೇ ಅಚ್ಚಿಗೆ ಇದು ಒಳ್ಳೆಯದೇ, ಎಲೆ ಎತ್ತುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ತೊಂದರೆ ಬರುವುದು ಪದರದ ಮೇಲೆ ಪದರ ಹಾಕುವಾಗ. ಗಡಿಯಾರ ನೋಡಬೇಡಿ, ಮೂಲೆಯಲ್ಲಿ ಬೆರಳಿನ ಹಿಂಬದಿ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ. ಫ್ಯಾನ್ ಹಾಕಿ ಇನ್ನಷ್ಟು ಕಾಯಿರಿ. ಮಾರ್ಚ್-ಏಪ್ರಿಲ್‌ನಲ್ಲಿ ಫ್ಯಾನ್ ಅಡಿಯಲ್ಲಿ ಇದೇ ಬಣ್ಣ ಎಲೆ ಇಡುವ ಮೊದಲೇ ಒಣಗುತ್ತದೆ. ಆಗ ಫ್ಯಾನ್ ಬಂದ್ ಮಾಡಿ ಬೆಳಿಗ್ಗೆ ಬೇಗ ಕೂರಬೇಕು.

ಮುಗಿದ ಅಚ್ಚುಗಳನ್ನು ಒಂದರ ಮೇಲೊಂದು ಇಡಲೇಬೇಡಿ. ಮೊದಲ ವರ್ಷ ನಾನು ಒಣಗಿದೆ ಅಂದುಕೊಂಡು ಇಪ್ಪತ್ತು ಹಾಳೆ ಫೈಲಿಗೆ ಹಾಕಿಟ್ಟೆ. ಒಂದು ವಾರ ಬಿಟ್ಟು ತೆಗೆದರೆ ಎಲ್ಲ ಒಂದೇ ರಟ್ಟು. ಬಿಡಿಸಲು ಹೋದಾಗ ಜರಿ ಎಲೆ ಒಂದು ಹಾಳೆಗೆ ಅರ್ಧ, ಇನ್ನೊಂದಕ್ಕೆ ಅರ್ಧ ಹೋಯಿತು. ತುಂಬಾ ಬೇಜಾರಾಗಿತ್ತು. ಅಕ್ರಿಲಿಕ್ ಮುಟ್ಟಲು ಒಣಗಿದ್ದರೂ ಶೆಕೆಗೂ ತೇವಕ್ಕೂ ಮೆತ್ತಗಾಗಿ ಅಂಟುತ್ತದೆ. ಈಗ ಹಗ್ಗಕ್ಕೆ ಕ್ಲಿಪ್ ಹಾಕಿ ಎರಡು ದಿನ ನೇತುಹಾಕುತ್ತೇನೆ, ಆಮೇಲೆ ನಡುವೆ ಬಟರ್ ಪೇಪರ್.

ಮಗಳ ಪ್ಲೇಟಿಗೆ ಚೈನಾ ಗ್ರಾಸ್ ತನ್ನಿ. ಅದು ಕಡಲಪಾಚಿಯಿಂದ ಆಗುವುದು. ಅರ್ಧ ಲೀಟರ್ ನೀರಿಗೆ 10 ಗ್ರಾಂ ನೆನೆಸಿ, ಒಂದು ಎಳೆಯೂ ಕಾಣದ ಹಾಗೆ ಕುದಿಸಿ, ಸಮತಟ್ಟಾದ ಟ್ರೇಗೆ ಸುರಿಯಿರಿ. ನೊರೆಯನ್ನು ಪೇಪರ್ ಪಟ್ಟಿಯಿಂದ ಬದಿಗೆ ಎಳೆಯಿರಿ. ಇದಕ್ಕೆ ಫ್ರಿಜ್ ಬೇಡ, 35-40 ಡಿಗ್ರಿಗೆ ಇಳಿದಾಗಲೇ ಗಟ್ಟಿಯಾಗುತ್ತದೆ. ಮತ್ತೆ ಕರಗಲು 85ರ ಹತ್ತಿರ ಬೇಕು, ಹಾಗಾಗಿ ಮೇ ತಿಂಗಳ ಶೆಕೆಗೂ ಕರಗುವುದಿಲ್ಲ. ಆದರೆ ಬಳುಕುವುದಿಲ್ಲ, ಜೋರಾಗಿ ಒತ್ತಿದರೆ ಬಿರುಕು. ಟ್ರೇಯಿಂದ ತೆಗೆಯದೆ ಅಲ್ಲೇ ಅಚ್ಚು ಮಾಡಲಿ. ಮೂರು ನಾಲ್ಕು ದಿನ ಬರುತ್ತದೆ. ಅಂದ ಹಾಗೆ, ಅಂಗಡಿಯ ಪ್ಲೇಟಿನಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುವುದಿಲ್ಲ, ಮಿನರಲ್ ಆಯಿಲ್ ಸೇರಿಸಿದ ಪಾಲಿಮರ್ ಅದು. ಕೊಳ್ಳುವ ಮೊದಲು ವಿವರ ಒಮ್ಮೆ ಓದಿದರೆ ಸಾಕು.

ಫೋಟೋವನ್ನು ಪ್ಲೇಟಿಗೆ ಇಳಿಸಿ ಅಚ್ಚು ತೆಗೆಯಬಹುದಾ ಅಂತ ಇನ್ನೊಬ್ಬರು ಕೇಳಿದ್ದರು. ಆಗುತ್ತದೆ, ಆದರೆ ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ಮಾತ್ರ. ಟೋನರ್ (ಆ ಯಂತ್ರಗಳ ಪುಡಿ ಶಾಯಿ) ಇರುವ ಕಪ್ಪು ಜಾಗ ನೀರಿನಂಶದ ಅಕ್ರಿಲಿಕ್ ಬಣ್ಣವನ್ನು ಹಿಡಿಯುವುದಿಲ್ಲ, ಬಿಳಿ ಕಾಗದ ಹೀರಿಕೊಳ್ಳುತ್ತದೆ. ತೆಳು ಕಪ್ಪು ಬಣ್ಣದ ಮೇಲೆ ಮಗುಚಿ ಇಟ್ಟು ಕೂಡಲೇ ಎತ್ತಿದರೆ ಚಿತ್ರ ಪ್ಲೇಟಿನಲ್ಲಿ ಉಳಿಯುತ್ತದೆ. ಅದು ಒಣಗಿದ ಮೇಲೆ ತಿಳಿ ಬಣ್ಣ ಹಚ್ಚಿ ಹಾಳೆ ಇಟ್ಟು, ಅದೂ ಒಣಗಲು ಬಿಟ್ಟು ಎಳೆದರೆ ಎರಡೂ ಪದರ ಒಟ್ಟಿಗೆ ಬರುತ್ತವೆ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು ಕಲ್ಲಚ್ಚಿನಲ್ಲಿ, ಅಂದರೆ ಚಪ್ಪಟೆ ಕಲ್ಲಿನ ಮೇಲೆ ಜಿಡ್ಡು ಶಾಯಿಯಲ್ಲಿ ಬರೆದು ತೆಗೆಯುವ ಅಚ್ಚಿನಲ್ಲಿ. ಅಲ್ಲೂ ಜಿಡ್ಡು ನೀರನ್ನು ಒಲ್ಲದು ಅನ್ನುವ ಗುಣದಿಂದಲೇ ಅಕ್ಷರ ಮೂಡುತ್ತಿತ್ತು. ನಮ್ಮ ಮೇಜಿನ ಮೇಲೆ ಹತ್ತಿರದ ಕೆಲಸವೇ ನಡೆಯುವುದು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಅಂಗಡಿಯ ಪ್ಲೇಟ್ ಒರೆಸಲು ಬೇಬಿ ಆಯಿಲ್, ಆಮೇಲೆ ಸಾಬೂನು ನೀರು. ಅದರ ಜೊತೆ ಬಂದ ಪ್ಲಾಸ್ಟಿಕ್ ಹಾಳೆಯ ನಡುವೆ ಚಪ್ಪಟೆಯಾಗಿ ಇಡಿ. ಗುಳ್ಳೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಗುಳ್ಳೆಯ ಗುರುತು ಬೀಳುತ್ತದೆ. ರೋಲರನ್ನು ಬಾವಿಕಟ್ಟೆಯ ಹತ್ತಿರ ತೊಳೆಯಬೇಡಿ, ಒಣಗಿದರೆ ಅಕ್ರಿಲಿಕ್ ಪ್ಲಾಸ್ಟಿಕ್ಕೇ. ಹಳೆ ಪೇಪರಿಗೆ ಚೆನ್ನಾಗಿ ಉರುಳಿಸಿ ಒರೆಸಿದ ಮೇಲೆ ಸ್ವಲ್ಪ ನೀರಿನಲ್ಲಿ ತೊಳೆದರೆ ಸಾಕು.

ಇವತ್ತು ರಾತ್ರಿ ಎರಡು ಜರಿ ಎಲೆ ಒತ್ತಲು ಇಡಿ. ನಾಳೆ ಅಚ್ಚು ತೆಗೆದು ಎರಡನೇ ಹಾಳೆಯ ಫೋಟೋ ಇಲ್ಲೇ ಹಾಕಿ. ಬಣ್ಣ ನೀರಾಗಿದೆಯಾ, ದಪ್ಪ ಇದೆಯಾ ಅಂತಲೂ ಬರೆಯಿರಿ, ಅದರ ಮೇಲೆ ಹನಿಯ ಲೆಕ್ಕ ಹೇಳುತ್ತೇನೆ.