ಮಂಚ ಬೇಕೋ, ಮ್ಯಾಟ್ ಸಾಕೋ? ಬೈಕ್ ಕ್ಯಾಂಪಿಂಗ್ ಹಾಸಿಗೆಯ ಪ್ರಶ್ನೆಗಳು

ಪ್ರಶ್ನೆ: ನನಗೆ 46 ವರ್ಷ, ಎತ್ತರ ಐದಡಿ ಹತ್ತಂಗುಲ, ತೂಕ 84 ಕಿಲೋ. ಹಿಮಾಲಯನ್ ಬೈಕಿನಲ್ಲಿ ತಿಂಗಳಿಗೊಮ್ಮೆ ಮಲೆನಾಡಿನ ಕಡೆ ಹೋಗಿ ಟೆಂಟ್ ಹಾಕುತ್ತೇನೆ. ತೆಳು ಮ್ಯಾಟ್ ಮೇಲೆ ಮಲಗಿ ಎದ್ದರೆ ಸೊಂಟ ಹಿಡಿದುಕೊಂಡಿರುತ್ತದೆ. ಮಡಚುವ ಕಾಟ್ ತಗೊಳ್ಳಲೋ, ದಪ್ಪನೆಯ ಗಾಳಿ ಪ್ಯಾಡ್ ತಗೊಳ್ಳಲೋ? ಮುಂದಿನ ಸೆಪ್ಟೆಂಬರ್‌ನಲ್ಲಿ ಲಡಾಖ್ ಯೋಚನೆಯೂ ಇದೆ. ಟೆಂಟ್ ಇಬ್ಬರದು, ಮಲಗುವವನು ನಾನೊಬ್ಬನೇ. (ಹಾಸನದ ಓದುಗರು)

ಉತ್ತರ: ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಟೆಂಟಿನ ಒಳಗೆ ಕೂತುಕೊಳ್ಳಿ. ಕಾಟ್ ಕೊಂಡವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಇಬ್ಬರ ಟೆಂಟಿನ ನೆಲ ಸುಮಾರು 130 ಸೆಂ.ಮೀ. ಅಗಲ, 210 ಉದ್ದ, ನಡುವಿನ ಎತ್ತರ 100ರಿಂದ 110 ಇರುತ್ತದೆ. ನಿಮ್ಮ ಎತ್ತರದವರು ಚಕ್ಕಳಮಕ್ಕಳ ಹಾಕಿ ಕೂತರೆ ನೆಲದಿಂದ ನೆತ್ತಿಗೆ 90 ಸೆಂ.ಮೀ. ಮೇಲೆ ಬರುತ್ತದೆ. ಅದಕ್ಕೆ ಕಾಟಿನ 16, ಪ್ಯಾಡಿನ 5 ಸೇರಿಸಿ. ತಲೆ ಬಟ್ಟೆಗೆ ತಾಗಿತು! ಟೆಂಟಿನ ಗೋಡೆ ಓರೆಯಾಗಿ ಏರುವುದರಿಂದ ನೆಲದಲ್ಲಿ ಇದ್ದಷ್ಟು ಅಗಲ ಒಂದು ಗೇಣು ಮೇಲೆ ಇರುವುದಿಲ್ಲ. ಬೆಳಗಿನ ಜಾವ ಒಳಗೋಡೆಯಲ್ಲಿ ಹನಿಗಟ್ಟಿದ ನೀರಿಗೆ ಸ್ಲೀಪಿಂಗ್ ಬ್ಯಾಗಿನ ಕಾಲ್ತುದಿ ಒರಸಿಕೊಂಡು ನೆನೆಯುವುದು ಇದರಿಂದಲೇ. ಹಾಗಾಗಿ ಈ ಟೆಂಟಿಗೆ 16–17 ಸೆಂ.ಮೀ. ಎತ್ತರದ ಗಿಡ್ಡ ಕಾಟ್ ಮಾತ್ರ ಹೊಂದುತ್ತದೆ. 38–40 ಸೆಂ.ಮೀ. ಎತ್ತರದ್ದನ್ನು ಮರೆತುಬಿಡಿ.

ಗಿಡ್ಡ ಕಾಟಿನಿಂದ ಏಳುವುದು ನೆಲದಿಂದ ಎದ್ದಂತೆಯೇ ಅನ್ನುವುದೂ ತಿಳಿದಿರಲಿ. ಮಂಡಿನೋವಿನವರು ಕೇಳುವ ಅನುಕೂಲ ಸಿಗುವುದು ಎತ್ತರದ ಕಾಟಿನಲ್ಲಿ. ಅದಕ್ಕೆ ದೊಡ್ಡ ಟೆಂಟ್ ಬೇಕು, ಇಲ್ಲವೇ ತಾರ್ಪಾಲಿನ ಅಡಿ ಮಲಗುವ ಅಭ್ಯಾಸ ಬೇಕು.

ನಿಮ್ಮ ಸೊಂಟದ ವಿಷಯ. ತೆಳು ಮ್ಯಾಟ್ ಮೇಲೆ ಪಕ್ಕಕ್ಕೆ ಹೊರಳಿದಾಗ ಭಾರವೆಲ್ಲ ಭುಜ ಮತ್ತು ಪೃಷ್ಠದ ಮೂಳೆಯ ಮೇಲೆ ಬೀಳುತ್ತದೆ, ಸೊಂಟದ ಕೆಳಗೆ ಆಧಾರವಿಲ್ಲದೆ ಟೊಳ್ಳು ಉಳಿಯುತ್ತದೆ. ಇದಕ್ಕೆ ಮದ್ದು 7–8 ಸೆಂ.ಮೀ. ದಪ್ಪದ, 64 ಸೆಂ.ಮೀ. ಅಗಲದ ಗಾಳಿ ಪ್ಯಾಡ್. ಸಾಮಾನ್ಯ ಅಳತೆಯ 51 ಸೆಂ.ಮೀ. ಅಗಲದ್ದರಲ್ಲಿ ನಿಮ್ಮ ಮೈಕಟ್ಟಿಗೆ ಮೊಣಕೈ ಆಚೆ ಜಾರುತ್ತದೆ. ಗಾಳಿಯನ್ನು ಮೃದಂಗದಂತೆ ಬಿಗಿಯಾಗಿ ತುಂಬಬೇಡಿ. ಪೂರ್ತಿ ತುಂಬಿ, ಪಕ್ಕಕ್ಕೆ ಮಲಗಿ, ವಾಲ್ವನ್ನು ಚೂರುಚೂರೇ ಬಿಡುತ್ತಾ ಬನ್ನಿ. ಪೃಷ್ಠದ ಮೂಳೆ ನೆಲದಿಂದ ಎರಡು ಬೆರಳು ಮೇಲಿದ್ದಾಗ ನಿಲ್ಲಿಸಿ. ಪ್ಯಾಡ್ ಸರಿಯಿಲ್ಲ ಅನ್ನುವ ದೂರುಗಳಲ್ಲಿ ಎಷ್ಟೋ ಈ ಒಂದು ಕೆಲಸದಿಂದಲೇ ಮುಗಿಯುತ್ತವೆ.

ಆದ್ದರಿಂದ ದುಡ್ಡು ಮೊದಲು ಪ್ಯಾಡಿಗೆ ಹೋಗಲಿ, ಕಾಟ್ ಆಮೇಲೆ. ಕಾಟ್ ನಿಜಕ್ಕೂ ಗೆಲ್ಲುವ ಜಾಗಗಳಿವೆ: ಮಳೆ ಬಿದ್ದು ಜೌಗಾದ ಅಂಗಳ, ಜಂಬಿಟ್ಟಿಗೆಯ ಹರಳು ಎದ್ದ ನೆಲ, ಕಾಫಿ ತೋಟದ ಸಿಮೆಂಟ್ ಕಣ. ಕಣ ಮಟ್ಟಸವಾಗಿರುವುದರಿಂದ ಕಾಟಿನ ಎಲ್ಲ ಕಾಲೂ ಸಮನಾಗಿ ಊರುತ್ತವೆ. ಅಲ್ಲಿ ಗೂಟ ಇಳಿಯುವುದಿಲ್ಲ, ಗೂಟವಿಲ್ಲದೆ ನಿಲ್ಲುವ ಟೆಂಟ್ ಇದ್ದವರಿಗೆ ಮಾತ್ರ ಸುಖ. (ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರವಿರುತ್ತದೆ, ಕೇಳಿಯೇ ಹೋಗಿ. ಅಭಯಾರಣ್ಯ, ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವ ಮಾತೇ ಬೇಡ.) ಏರುಪೇರು ನೆಲದಲ್ಲಿ ಕಾಟ್ ತಾನೇ ತೊಂದರೆ. ಒಂದು ಕಾಲು ಗಾಳಿಯಲ್ಲಿ ನೇತಾಡಿದರೆ ಪಕ್ಕದ ಕಾಲಿನ ಮೇಲೆ ಇಮ್ಮಡಿ ಭಾರ ಬಿದ್ದು ಕಂಬಿ ಬಾಗುತ್ತದೆ.

ಕೊಳ್ಳುವಾಗ ನೋಡಬೇಕಾದ ಅಳತೆಗೆ ಹೆಲಿನಾಕ್ಸ್ ಕಂಪನಿಯ ಎರಡು ಕಾಟ್‌ಗಳು ಒಳ್ಳೆಯ ಉದಾಹರಣೆ. ಕಾಟ್ ಒನ್ ಕನ್ವರ್ಟಿಬಲ್ 190 ಸೆಂ.ಮೀ. ಉದ್ದ, 68 ಅಗಲ, ಚೀಲ ಸೇರಿ ಸುಮಾರು 2.3 ಕಿಲೋ, ತಾಳುವ ಭಾರ 145 ಕಿಲೋ. ಲೈಟ್ ಕಾಟ್ 185ಕ್ಕೆ 60, ತೂಕ ಒಂದೂಕಾಲು ಕಿಲೋ ಆಸುಪಾಸು, ತಾಳುವುದು 120 ಕಿಲೋ. ಬೆಲೆ ಕೈಸುಡುತ್ತದೆ, ಇದೇ ವಿನ್ಯಾಸದ ಅಗ್ಗದವೂ ಸಿಗುತ್ತವೆ. ಯಾವುದನ್ನು ತಂದರೂ 60 ಸೆಂ.ಮೀ. ಅಗಲದ್ದು ನಿಮಗೆ ಇಕ್ಕಟ್ಟು. ಅಂಗಾತ ಮಲಗಿದಾಗ ಅಂಚಿನ ಕಂಬಿ ಮೊಣಕೈ ಮೇಲ್ಭಾಗಕ್ಕೆ ಒತ್ತಿ ನಡುರಾತ್ರಿ ಕೈ ಜೋಮು ಹಿಡಿಯುತ್ತದೆ. ಚೀಟಿಯಲ್ಲಿ ಬರೆದ ಕಿಲೋ ಲೆಕ್ಕ ಉದ್ದಕ್ಕೂ ಮಲಗಿದ ದೇಹಕ್ಕೆ ಸಂಬಂಧಿಸಿದ್ದು. ಬೂಟು ಹಾಕಿಕೊಳ್ಳಲು ಅಂಚಿನಲ್ಲಿ ಧೊಪ್ಪೆಂದು ಕೂತರೆ ಎಲ್ಲ ಭಾರ ಒಂದೇ ಕಮಾನಿಗೆ ಬೀಳುತ್ತದೆ. ಎರಡು ಕಾಲಿನ ನಡುವೆ ಅಲ್ಲ, ಕಾಲು ಇರುವ ಜಾಗದ ಮೇಲೆ ನಿಧಾನಕ್ಕೆ ಕೂರಿ.

ಲಡಾಖಿಗೆ ಕಾಟ್ ಒಯ್ಯಬೇಡಿ. ಮನಾಲಿ–ಲೇಹ್ ದಾರಿಯಲ್ಲಿ ಟೆಂಟ್ ಹಾಕಿ ತಂಗುವ ಜಾಗ ಸರ್ಚು ಸುಮಾರು 4,290 ಮೀಟರ್ ಎತ್ತರದಲ್ಲಿದೆ, ಸೆಪ್ಟೆಂಬರ್ ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ಅಲ್ಲಿ ಬೇಕಾದದ್ದು ಆರ್-ವ್ಯಾಲ್ಯೂ. ಅಂದರೆ ಮೈಯ ಶಾಖ ನೆಲಕ್ಕೆ ಇಳಿಯದಂತೆ ತಡೆಯುವ ಶಕ್ತಿಯ ಅಂಕಿ. ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳನ್ನು ಕೂಡಬಹುದು. ಥರ್ಮರೆಸ್ಟ್ ಕಂಪನಿಯ ಜ಼ೀ ಲೈಟ್ ಸೋಲ್ ಎಂಬ ಫೋಮ್ ಮ್ಯಾಟಿನದು 2.0, ಅದೇ ಕಂಪನಿಯ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಗಾಳಿ ಪ್ಯಾಡಿನದು 4.5. ಫೋಮ್ ಕೆಳಗೆ, ಪ್ಯಾಡ್ ಮೇಲೆ ಹಾಕಿದರೆ 6.5. ರಾತ್ರಿ ಪ್ಯಾಡ್ ತೂತಾದರೂ ಫೋಮ್ ಕೈಬಿಡುವುದಿಲ್ಲ. ಬೇರೆ ಕಂಪನಿಯದನ್ನು ಕೊಳ್ಳುವಾಗ ಆರ್-ವ್ಯಾಲ್ಯೂ ಪಕ್ಕದಲ್ಲಿ ಎಎಸ್‌ಟಿಎಂ ಎಫ್3340 ಎಂದು ಇದೆಯೇ ನೋಡಿ. 2018ರಲ್ಲಿ ಬಂದ ಈ ಮಾನದಂಡಕ್ಕೆ ಮುಂಚೆ ಕಂಪನಿಗಳು ತಮಗೆ ತೋಚಿದಂತೆ ಅಳೆಯುತ್ತಿದ್ದವು. ಈಗಲೂ "ಮೈನಸ್ ಹತ್ತಕ್ಕೂ ಸೈ" ಎಂದಷ್ಟೇ ಬರೆದು ಅಂಕಿ ಕೊಡದವರಿದ್ದಾರೆ. ಅಂಥದ್ದನ್ನು ಬಿಟ್ಟುಬಿಡಿ.

ಪ್ರಶ್ನೆ: ಜನವರಿಯಲ್ಲಿ ಮೂಡಿಗೆರೆ ಹತ್ತಿರ ಹೋಂಸ್ಟೇ ಅಂಗಳದಲ್ಲಿ ಕಾಟ್ ಮೇಲೆ ಮಲಗಿದ್ದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ಮೇಲೆ ಕಂಬಳಿ. ಆದರೂ ಬೆನ್ನು ಮಾತ್ರ ಕೊರೆಯಿತು. ನೆಲದಿಂದ ಮೇಲಿದ್ದರೆ ಬೆಚ್ಚಗಿರಬೇಕಲ್ಲವೇ? (ಮಂಡ್ಯದ ಓದುಗರು)

ಉತ್ತರ: ಕಾಟಿನ ಬಟ್ಟೆಗೆ ದಪ್ಪವೇ ಇಲ್ಲ, ಅದರ ಕೆಳಗೆ ಗಾಳಿ ಆಡುತ್ತಿರುತ್ತದೆ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನ ಕೃತಕ ನಾರು ಅಥವಾ ಪುಕ್ಕದ ನಡುವೆ ಹಿಡಿದಿಟ್ಟ ಗಾಳಿಯಿಂದ. ನಿಮ್ಮ ಭಾರಕ್ಕೆ ಬೆನ್ನಡಿಯ ಭಾಗ ಅಪ್ಪಚ್ಚಿಯಾದ ಮೇಲೆ ಅಲ್ಲಿ ಉಳಿಯುವುದು ಎರಡು ಪದರ ಬಟ್ಟೆ ಅಷ್ಟೇ. ಕೆಳಗೆ ಬೀಸುವ ತಂಗಾಳಿ ಶಾಖವನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಮೇಲೆ ಇನ್ನೆರಡು ಕಂಬಳಿ ಹೊದ್ದರೂ ಬೆನ್ನಿಗೆ ಉಪಯೋಗವಿಲ್ಲ. ಬ್ಯಾಗಿನ ಮೇಲೆ ಬರೆದ ಉಷ್ಣತೆಯ ಅಂಕಿಯನ್ನೂ ಅಳೆಯುವುದು ಕೆಳಗೆ ಮ್ಯಾಟ್ ಹಾಸಿಯೇ.

ನಿಮ್ಮ ಕಂಬಳಿಯನ್ನೇ ನಾಲ್ಕು ಮಡಿಕೆ ಮಾಡಿ ಅಡಿಗೆ ಹಾಕಿದ್ದರೆ ಅರ್ಧ ಚಳಿ ಹೋಗುತ್ತಿತ್ತು. ಸರಿಯಾದ ಪರಿಹಾರ 2 ಸೆಂ.ಮೀ. ಫೋಮ್ ಮ್ಯಾಟ್. ಮಲೆನಾಡಿನ ಸಾಧಾರಣ ಚಳಿಗೆ ಕಾಟ್ ಮೇಲೆ ಅಷ್ಟು ಸಾಕು. ಅದಕ್ಕೂ ಚಳಿ ಇರುವಲ್ಲಿ ಆರ್-ವ್ಯಾಲ್ಯೂ 4ರ ಮೇಲಿನ ಪ್ಯಾಡ್ ಬೇಕು. ಗಾಳಿ ಬೀಸುವ ಕಡೆಯಲ್ಲಿ ಕಾಟಿನ ಪಕ್ಕಕ್ಕೆ ಬೈಕಿನ ಪ್ಯಾನಿಯರ್ ಚೀಲಗಳನ್ನು ಒತ್ತಾಗಿ ಜೋಡಿಸಿದರೆ ಕೆಳಗಿನ ಗಾಳಿ ಓಡಾಟ ಕಡಿಮೆಯಾಗುತ್ತದೆ, ಸಾಮಾನೂ ಕೈಯಳತೆಯಲ್ಲಿರುತ್ತದೆ. ಪ್ಯಾಡ್ ಜಾರಿ ಕೆಳಗೆ ಬೀಳುತ್ತಿದ್ದರೆ ಅಡುಗೆಮನೆಯ ಡ್ರಾಯರಿಗೆ ಹಾಸುವ ಜಾಲರಿಯಂಥ ರಬ್ಬರ್ ಹಾಳೆಯ ಎರಡು ಪಟ್ಟಿ, ಭುಜದ ಕೆಳಗೊಂದು, ಪೃಷ್ಠದ ಕೆಳಗೊಂದು ಇಡಿ. ಇನ್ನು ಕಾಟ್ ಇದ್ದರೆ ಇಂಬಳ ಹತ್ತುವುದಿಲ್ಲ ಅನ್ನುವುದು ಭ್ರಮೆ. ಮಳೆಗಾಲದಲ್ಲಿ ಅವು ಕಾಟಿನ ಕಾಲು ಹಿಡಿದು ನೆಟ್ಟಗೆ ಏರುತ್ತವೆ, ಟೆಂಟಿನ ಜಿಪ್ ಹಾಕಿಕೊಳ್ಳುವುದೇ ದಾರಿ.

ಪ್ರಶ್ನೆ: ಕಾಟಿನ ಚೀಲ 54 ಸೆಂ.ಮೀ. ಉದ್ದ ಇದೆ, ಸೈಡ್ ಬ್ಯಾಗಿಗೆ ಹಿಡಿಸುತ್ತಿಲ್ಲ. ಟಾಪ್ ಬಾಕ್ಸ್ ಮೇಲೆ ಕಟ್ಟಬಹುದೇ? (ಬೆಳಗಾವಿಯ ಓದುಗರು)

ಉತ್ತರ: ಬೇಡ. ಹಿಂದಿನ ಚಕ್ರದ ಅಚ್ಚಿನಿಂದ ಹಿಂದಕ್ಕೂ ಮೇಲಕ್ಕೂ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಹಿಂದಿನ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವ ಹಾಗೆ ಅಡ್ಡಡ್ಡ ಇಡಿ. 54 ಸೆಂ.ಮೀ. ಅಂದರೆ ಹ್ಯಾಂಡಲಿನ ಅಗಲಕ್ಕಿಂತ ಬಹಳ ಕಡಿಮೆ, ಸಂದಿಯಲ್ಲಿ ನುಗ್ಗುವಾಗ ತಾಗುವುದಿಲ್ಲ. ಕೊಕ್ಕೆಯಿರುವ ಬಂಜಿ ಹಗ್ಗಕ್ಕಿಂತ ಬಕಲ್ ಇರುವ ನೈಲಾನ್ ಪಟ್ಟಿ ವಾಸಿ. ಬಂಜಿ ಹಿಗ್ಗುತ್ತದೆ, ಕೊಕ್ಕೆ ಕೈತಪ್ಪಿ ಸಿಡಿದರೆ ಕಣ್ಣಿಗೇ ಬರುತ್ತದೆ. ಪಟ್ಟಿ ಎರಡು ಬೇಕು, ಚೀಲದ ಎರಡು ತುದಿಗೂ ಒಂದೊಂದು. ಚೀಲದ ಹಿಡಿಯೊಳಗಿಂದ ತೂರಿಸಿ ಬಿಗಿಯಿರಿ. ಮಿಕ್ಕ ಬಾಲವನ್ನು ಸುತ್ತಿ ಸಿಕ್ಕಿಸದೆ ಬಿಟ್ಟರೆ ಅದು ಚೈನಿಗೋ ಚಕ್ರಕ್ಕೋ ಸಿಕ್ಕಿ ಎಳೆಯುತ್ತದೆ. ಮೊದಲ 10–15 ಕಿ.ಮೀ. ಆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ, ಸಾಮಾನು ಅಷ್ಟರಲ್ಲಿ ಅದುಮಿ ಕೂತಿರುತ್ತದೆ. ಪ್ಯಾಡ್ ಮತ್ತು ಚೀಲದ ತುದಿ ಸೈಲೆನ್ಸರ್‌ನಿಂದ ದೂರ ಇದೆಯೇ ಅನ್ನುವುದನ್ನು ಬೈಕಿನ ಮೇಲೆ ಕೂತು, ಸಸ್ಪೆನ್ಷನ್ ಇಳಿದಾಗ ಬೇರೆಯವರಿಂದ ನೋಡಿಸಿ. ನಿಂತ ಬೈಕಿನಲ್ಲಿ ಅಂತರ ಇದ್ದಂತೆ ಕಂಡು ಹಳ್ಳ ಹಾರಿದಾಗ ಕರಗುವುದು ಇದೇ ಜಾಗ.

ಪ್ರಶ್ನೆ: ರಾತ್ರಿ ಗಟ್ಟಿಯಾಗಿದ್ದ ಗಾಳಿ ಪ್ಯಾಡ್ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಪಂಕ್ಚರ್ ಅಂಗಡಿಯವರು ಸಲ್ಯೂಷನ್ ಹಾಕಿ ಪ್ಯಾಚ್ ಅಂಟಿಸಿದರು, ಎರಡೇ ದಿನಕ್ಕೆ ಬಿಟ್ಟುಕೊಂಡಿತು. (ವಿಜಯಪುರದ ಓದುಗರು)

ಉತ್ತರ: ತೂತು ಇರಲೇಬೇಕೆಂದಿಲ್ಲ. ಸಂಜೆ 30 ಡಿಗ್ರಿಯಲ್ಲಿ ತುಂಬಿದ ಗಾಳಿ ಬೆಳಗಿನ ಜಾವ 8 ಡಿಗ್ರಿಗೆ ಬಂದರೆ ಶೇ 7ರಷ್ಟು ಕುಗ್ಗುತ್ತದೆ. ಮಲಗುವ ಹೊತ್ತಿಗೆ ಎರಡು ಉಸಿರು ಸೇರಿಸಿದರೆ ಅದು ಸರಿಹೋಗುತ್ತದೆ. ಆದರೆ ಬಾಯಿಂದ ಊದುವುದನ್ನೇ ರೂಢಿ ಮಾಡಬೇಡಿ, ಉಸಿರಿನ ತೇವ ಒಳಗೆ ನಿಂತು ಬೂಸ್ಟು ಹಿಡಿಯುತ್ತದೆ. ಪಂಪ್ ಚೀಲ ಬಳಸಿ.

ಸೋರಿಕೆ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ. ತುಂಬಿಸಿ, ಮೇಲೆ ಅಕ್ಕಿ ಚೀಲದಂಥ ಭಾರ ಇಟ್ಟು ಎಂಟು ಗಂಟೆ ಬಿಡಿ. ಇಳಿದರೆ ಮೊದಲು ಅನುಮಾನಪಡಬೇಕಾದದ್ದು ವಾಲ್ವನ್ನು. ಅದರ ತುಟಿಯಲ್ಲಿ ಒಂದು ಮರಳಿನ ಕಣವೋ ಕೂದಲೋ ಸಿಕ್ಕಿದರೂ ಸಾಕು, ಇಡೀ ರಾತ್ರಿ ಸೋರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಆಮೇಲೂ ಇಳಿದರೆ ಪಾತ್ರೆ ಸೋಪಿನ ನೀರನ್ನು ಸ್ಪಂಜಿನಲ್ಲಿ ಸವರುತ್ತಾ ಬನ್ನಿ. ನಿಮ್ಮ ಕಡೆ ಜಾಲಿಮುಳ್ಳಿನ ಕಾಟವಿರುವುದರಿಂದ ಅಡಿಭಾಗದಿಂದ ಶುರುಮಾಡಿ. ಗುಳ್ಳೆ ಎದ್ದ ಕಡೆ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿ.

ಟ್ಯೂಬಿನ ಸಲ್ಯೂಷನ್ ರಬ್ಬರಿಗೆಂದೇ ಮಾಡಿದ್ದು. ಪ್ಯಾಡ್ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ, ಒಳಗೆ ಪ್ಲಾಸ್ಟಿಕ್ ಜಾತಿಯ ಲೇಪ. ಅದಕ್ಕೆ ಸಲ್ಯೂಷನ್ ಕಚ್ಚುವುದಿಲ್ಲ. ಹಳೇ ಅಂಟನ್ನು ಕೆರೆದು ತೆಗೆದು, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಟೆಂಟ್ ಹೊಲಿಗೆಗೆ ಬಳಸುವ ಪಾಲಿಯುರೆಥೇನ್ ಅಂಟು ಹಚ್ಚಿ. ಸೂಜಿಮೊನೆಯ ತೂತಿಗೆ ಒಂದು ತೊಟ್ಟು ಸಾಕು. ದೊಡ್ಡದಾದರೆ ತೂತಿನ ಸುತ್ತ 2–3 ಸೆಂ.ಮೀ. ಹೆಚ್ಚಿಗೆ ಚಾಚುವ ಪ್ಯಾಚ್ ಇಟ್ಟು, ಮೇಲೆ ಭಾರ ಹೇರಿ ರಾತ್ರಿಯೆಲ್ಲ ಬಿಡಿ. ಗಾಳಿ ಪೂರ್ತಿ ತೆಗೆದಿರಲಿ, ಇಲ್ಲದಿದ್ದರೆ ಒಳಗಿನ ಒತ್ತಡವೇ ಅಂಟಿನಲ್ಲಿ ದಾರಿ ಮಾಡಿಕೊಳ್ಳುತ್ತದೆ.

ಪ್ಯಾಡಿನ ನಡುವೆ ಚೆಂಡಿನಂತೆ ಉಬ್ಬು ಬಂದಿದ್ದರೆ ಕತೆ ಬೇರೆ. ಒಳಗಿನ ಅಡ್ಡಗೋಡೆ ಕಿತ್ತಿದೆ ಎಂದರ್ಥ, ಅದು ದುರಸ್ತಿಯಾಗದು, ವಾರಂಟಿ ಇದ್ದರೆ ಕೇಳಿ. ಮಧ್ಯಾಹ್ನ ಬಿಸಿಲಿನ ಟೆಂಟಿನಲ್ಲಿ ತುಂಬಿದ ಪ್ಯಾಡನ್ನು ಬಿಟ್ಟುಹೋಗುವುದು ಇದಕ್ಕೆ ದೊಡ್ಡ ಕಾರಣ. ಘಟ್ಟ ಏರುವಾಗಲೂ ಗಾಳಿ ಹಿಗ್ಗುತ್ತದೆ: 4,300 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಸುತ್ತಿಡುವಾಗ ಒಳಗೆ ಗಾಳಿ ಉಳಿಸಬೇಡಿ.

ಪ್ರಶ್ನೆ: ಮನೆಯಲ್ಲಿರುವ ಯೋಗ ಮ್ಯಾಟ್ ಸಾಲದೇ? (ಮೈಸೂರಿನ ಓದುಗರು)

ಉತ್ತರ: ಗೋಕರ್ಣದ ಮರಳಿನ ಮೇಲೆ ಏಪ್ರಿಲ್ ತಿಂಗಳಲ್ಲಾದರೆ ಸಾಕು. 6 ಮಿ.ಮೀ. ದಪ್ಪದಲ್ಲಿ ಚಳಿ ತಡೆಯುವ ಶಕ್ತಿ ಅಷ್ಟಕ್ಕಷ್ಟೇ. ಪಿವಿಸಿಯದಾದರೆ ಫೋಮ್ ಮ್ಯಾಟಿಗಿಂತ ಭಾರವೂ ಹೌದು. ಮರಳಿನಲ್ಲಿ ಕಾಟ್ ಹಾಕುವ ಆಸೆಯಿದ್ದರೆ ಒಂದು ಮಾತು: ಮೊನಚು ಕಾಲಿನದು ಹೂತುಹೋಗುತ್ತದೆ, ನೆಲಕ್ಕೆ ಒರಗುವ ಅಡ್ಡಕಂಬಿ ಇರುವುದು ನಿಲ್ಲುತ್ತದೆ. ಟೆಂಟಿನೊಳಗಾದರೆ ಆ ಯೋಗ ಮ್ಯಾಟನ್ನೇ ಕತ್ತರಿಸಿ ಕಾಲುಗಳ ಕೆಳಗೆ ಇಡಿ, ಟೆಂಟಿನ ನೆಲ ತೂತಾಗುವುದು ತಪ್ಪುತ್ತದೆ.