ಪ್ರಾರ್ಥನೆಗೆ ಯಾವಾಗಲೂ ತಡವಾಗಿ ಹೋಗುತ್ತೇನೆ. ಇದು ಪಾಪವೇ? ಕ್ರೈಸ್ತಳಾಗಿ ಶಿಸ್ತು ಬೆಳೆಸಿಕೊಳ್ಳುವುದು ಹೇಗೆ?

ಆರಾಧನೆಗೆ ತಡ, ಪ್ರಾರ್ಥನೆ ಕೂಟಕ್ಕೆ ತಡ, ಜಾಸ್ತಿ ತಡವಾದರೆ ನಾಚಿಕೆಯಾಗಿ ಗೇಟಿನಿಂದಲೇ ವಾಪಸ್ ಅಂತ ಬರೆದಿದ್ದೀರಿ. ನಾನೂ ಹೀಗೇ ಇದ್ದೆ. ಬೆಳಿಗ್ಗೆ 4 ಗಂಟೆಗೆ ಏಳುವುದನ್ನು ರೂಢಿ ಮಾಡಿಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸರಿಹೋಗುವುದಿಲ್ಲ. ನಾನು ಆಗ 4ಕ್ಕೇ ಏಳುತ್ತಿದ್ದೆ.

ನಮ್ಮ ಸಭೆಯ ಬುಧವಾರದ ಬೆಳಗಿನ ಕೂಟ ನಡೆಸುವ ಜವಾಬ್ದಾರಿ ನನ್ನದಾಗಿತ್ತು. ಕೋಣೆಯ ಬೀಗದ ಕೈಯೂ ನನ್ನ ಹತ್ತಿರ. ಸಮಯ ಆರು ಗಂಟೆ. ಆದರೆ ನಾನು ಆರು ಅಂದರೆ ಆರೂವರೆ ಅನ್ನುವುದನ್ನು ಬರುವವರೆಲ್ಲ ಕಲಿತುಬಿಟ್ಟಿದ್ದರು, ಅವರೂ ಹಾಗೇ ಬರುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ವಾರ ಒಬ್ಬ ಅಕ್ಕನನ್ನು ಕರೆದೆ. ಮಗನಿಗೆ ಹುಷಾರಿರಲಿಲ್ಲ, ತುಂಬಾ ಸೋತುಹೋಗಿದ್ದರು. ಅವರು ಅದುವರೆಗೆ ಯಾವ ಸಭೆಗೂ ಬಂದವರಲ್ಲ. "ಆರಕ್ಕೆ ಬನ್ನಿ ಅಕ್ಕ, ನಾನಿರ್ತೀನಿ" ಅಂದಿದ್ದೆ.

ಆರಕ್ಕೆ ಹತ್ತು ನಿಮಿಷ ಇರುವಾಗ ಅವರ ಫೋನ್ ಬಂತು, "ಬಂದಿದ್ದೀನಿ ತಮ್ಮಾ" ಅಂತ. ನಾನು ಮನೆಯಲ್ಲೇ ಇದ್ದೆ, ಸ್ನಾನವೂ ಆಗಿರಲಿಲ್ಲ. ಒಂದು ವರ್ಷದಲ್ಲಿ ಸತ್ಯವೇದ ಪೂರ್ತಿ ಓದಬೇಕು ಅಂತ ಪಟ್ಟಿ ಹಾಕಿಕೊಂಡಿದ್ದೆ. ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ ಓದಲೇಬೇಕು. ಹಿಂದಿನ ದಿನದ್ದು ಬಾಕಿ ಉಳಿದಿತ್ತು. ಸತ್ಯವೇದದ ಅರಣ್ಯಕಾಂಡ ಅನ್ನುವ ಪುಸ್ತಕದ ಎರಡು ಅಧ್ಯಾಯ ಮುಗಿಸಿ ಗುರುತು ಹಾಕಿಯೇ ಹೊರಡೋಣ ಅಂತ ಕೂತಿದ್ದೆ. ಫೋನಿನಲ್ಲಿ ಏನು ಹೇಳಿದೆ ಗೊತ್ತಾ? "ದಾರಿಯಲ್ಲಿದ್ದೀನಿ ಅಕ್ಕ, ಐದೇ ನಿಮಿಷ."

ಹೋಗಿ ತಲುಪಿದಾಗ 6:25. ಅವರು ಇರಲಿಲ್ಲ. ಸಂಜೆ ಫೋನ್ ಮಾಡಿದೆ. ಏಳಕ್ಕೆ ಕೆಲಸ ಶುರು, ಅದಕ್ಕೆ ಹೊರಟುಬಿಟ್ಟೆ ಅಂದರು. "ಪರವಾಗಿಲ್ಲ ತಮ್ಮಾ, ನಿಮಗೆ ಏನೋ ಕೆಲಸ ಬಿದ್ದಿರಬೇಕು" ಅಂತ ನನಗೇ ಸಮಾಧಾನ ಹೇಳಿದರು. ಆಮೇಲೆ ಎರಡು ಸಲ ಕರೆದೆ. ಬರಲಿಲ್ಲ.

ಇದನ್ನು ಎಷ್ಟೋ ರಾತ್ರಿ ತಿರುಗಿಸಿ ತಿರುಗಿಸಿ ಯೋಚಿಸಿದ್ದೇನೆ. ತಪ್ಪು ತಡವಾಗಿದ್ದರಲ್ಲಿ ಮಾತ್ರ ಇಲ್ಲ. "ಐದೇ ನಿಮಿಷ" ಅಂದದ್ದರಲ್ಲಿದೆ. "ಅಕ್ಕ, ನಾನಿನ್ನೂ ಮನೆಯಲ್ಲಿದ್ದೀನಿ, ಅರ್ಧ ಗಂಟೆ ಆಗುತ್ತೆ, ಕ್ಷಮಿಸಿ" ಅಂದಿದ್ದರೆ ಅವರು ಎಲ್ಲಾದರೂ ಹೋಗಿ ಕೂತುಕೊಳ್ಳುತ್ತಿದ್ದರು. ಇನ್ನೊಂದು ಬೀಗದ ಕೈ ಎದುರು ಮನೆಯ ಹಿರಿಯರ ಹತ್ತಿರ ಇತ್ತು, ನಾನು ಅವರಿಗೆ ಒಂದು ಫೋನ್ ಮಾಡಿದ್ದರೆ ಬಾಗಿಲು ತೆರೆದು ಒಳಗೆ ಕರೆದುಕೊಳ್ಳುತ್ತಿದ್ದರು. ಆದರೆ ಐದು ನಿಮಿಷ ಅಂತ ಹೇಳಿಸಿಕೊಂಡವರು ಕೂರುವುದೂ ಇಲ್ಲ, ಹೋಗುವುದೂ ಇಲ್ಲ, ರಸ್ತೆ ನೋಡುತ್ತಾ ನಿಂತೇ ಇರುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಅವರನ್ನು ನಿಲ್ಲಿಸಿದ್ದು ನನ್ನ ಸುಳ್ಳು. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತಿರಲಿ ಅಂತ ಯೇಸು ಹೇಳಿದ್ದು ಮತ್ತಾಯ 5:37ರಲ್ಲಿದೆ. ಆ ವಾಕ್ಯ ನನಗೆ ಬಾಯಿಪಾಠ ಇತ್ತು. ಅದು ಆಣೆ ಇಡುವ ವಿಷಯಕ್ಕೆ ಅಂದುಕೊಂಡಿದ್ದೆ. "ಐದೇ ನಿಮಿಷ" ಅನ್ನುವುದಕ್ಕೂ ಅನ್ವಯಿಸುತ್ತೆ ಅಂತ ಅನ್ನಿಸಿಯೇ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಇದು ಪಾಪವಾ, ದೇವರಿಗೆ ಅವಮಾನ ಆಗುತ್ತಾ ಅಂತ ಕೇಳುತ್ತೀರಿ. ನೀವು ತಡ ಮಾಡಿದಾಗ ಕಾಯುತ್ತಾ ನಿಲ್ಲುವವರು ಮನುಷ್ಯರು, ಅವರನ್ನು ಮೊದಲು ನೋಡಿ. ನನ್ನಲ್ಲಿ ಶಿಸ್ತು ಕಡಿಮೆ ಇರಲಿಲ್ಲ. ಇದ್ದ ಶಿಸ್ತೆಲ್ಲ ನನ್ನ ಪಟ್ಟಿಗೆ ಖರ್ಚಾಗುತ್ತಿತ್ತು ಅಷ್ಟೇ. ಗಲಾತ್ಯ 5ರಲ್ಲಿ ಅಪೊಸ್ತಲ ಪೌಲ ಆತ್ಮದ ಫಲ, ಅಂದರೆ ಪವಿತ್ರಾತ್ಮ ನಮ್ಮಲ್ಲಿ ಬೆಳೆಸುವ ಗುಣಗಳನ್ನು ಹೇಳುವಾಗ ಪ್ರೀತಿ ಮೊದಲು ಬರುತ್ತೆ, ಶಮೆದಮೆ, ಅಂದರೆ ತನ್ನನ್ನು ತಾನು ಹಿಡಿತದಲ್ಲಿಡುವುದು, ಕೊನೆಗೆ. ನಾನು ಕೊನೆಯದನ್ನು ಮಾತ್ರ ಹಿಡಿದುಕೊಂಡಿದ್ದೆ.

ಯೇಸುವೂ ತಡ ಮಾಡಲಿಲ್ಲವಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಮಾರ್ಕ 5ರಲ್ಲಿ ಯಾಯೀರ ಅನ್ನುವವನ ಮಗಳು ಸಾಯುತ್ತಿರುವಾಗ, ಅವಳನ್ನು ನೋಡಲು ಹೊರಟ ಯೇಸು ದಾರಿಯಲ್ಲಿ ನಿಂತದ್ದು ನಿಜ. ಆದರೆ ನಿಂತದ್ದು ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸಿಗಾಗಿ. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನೀವೂ ನಿಲ್ಲಿ, ಕೂಟ ತಪ್ಪಿದರೂ ತಪ್ಪಲಿ. ನಾನು ತಡ ಮಾಡಿದ್ದು ಯಾರಿಗಾಗಿಯೂ ಅಲ್ಲ.

ಇನ್ನು ಗೇಟಿನಿಂದ ವಾಪಸ್ ಹೋಗುವುದು. ದಯವಿಟ್ಟು ಇದನ್ನು ನಿಲ್ಲಿಸಿ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ಅನ್ನುವ ಸಂತ ಮಠದವರಿಗೆ ಬರೆದ ನಿಯಮಗಳಲ್ಲಿ 43ನೇ ಅಧ್ಯಾಯ ತಡವಾಗಿ ಬರುವವರ ಬಗ್ಗೆಯೇ ಇದೆ. ಓದಿದಾಗ ನನಗೆ ಕಣ್ಣು ತುಂಬಿತು. ರಾತ್ರಿ ಪ್ರಾರ್ಥನೆಯ ಶುರುವಿನಲ್ಲಿ ಬರುವ ಒಂದು ಕೀರ್ತನೆಯನ್ನು ಬೇಕೆಂದೇ ನಿಧಾನವಾಗಿ, ಎಳೆದು ಹೇಳಬೇಕಂತೆ, ತಡವಾದವರು ಅಷ್ಟರಲ್ಲಿ ಬಂದು ಸೇರಲಿ ಅಂತ. ಅದೂ ಮುಗಿದ ಮೇಲೆ ಬಂದವನು ತನ್ನ ಜಾಗಕ್ಕೆ ಹೋಗುವಂತಿಲ್ಲ, ಎಲ್ಲರಿಗಿಂತ ಕೊನೆಗೆ ನಿಲ್ಲಬೇಕು. ಆದರೆ ಒಳಗೇ ನಿಲ್ಲಬೇಕು. ಹೊರಗೆ ಬಿಟ್ಟರೆ ಅವನು ಹೋಗಿ ಮಲಗಿಬಿಡುತ್ತಾನೆ, ಇಲ್ಲವೇ ಹರಟೆ ಹೊಡೆಯುತ್ತಾ ಕೂರುತ್ತಾನೆ ಅಂತ ಕಾರಣವನ್ನೂ ಕೊಟ್ಟಿದ್ದಾರೆ. ನಾಚಿಕೆ ಆಗುತ್ತಾ? ಆಗಲಿ. ನಾಚಿಕೊಂಡೇ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ.

ನಾನು ಬದಲಾಯಿಸಿಕೊಂಡದ್ದು ಜಾಸ್ತಿ ಏನಿಲ್ಲ. ಏಳುವುದಕ್ಕಲ್ಲ, ಮನೆ ಬಿಡುವುದಕ್ಕೆ ಅಲಾರಂ ಇಟ್ಟೆ. ಅದು ಹೊಡೆದರೆ ಓದುತ್ತಿರುವ ಸಾಲು ಅರ್ಧ ಇದ್ದರೂ ಪುಸ್ತಕ ಮುಚ್ಚುತ್ತೇನೆ. ಆ ವರ್ಷ ಪಟ್ಟಿ ಮುಗಿಯಲಿಲ್ಲ. ಮತ್ತೆ, ಎಲ್ಲಿದ್ದೀಯ ಅಂತ ಕೇಳಿದರೆ ಎಲ್ಲಿದ್ದೇನೋ ಅದನ್ನೇ ಹೇಳುತ್ತೇನೆ. "ಇನ್ನೂ ಚಪ್ಪಲಿ ಹಾಕಿಲ್ಲ" ಅಂತ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂದರೆ, ನಾಲ್ಕು ಸಲ ಹೇಳಿದ ಮೇಲೆ ಐದನೇ ಸಲ ಬೇಗ ಹೊರಡುವುದೇ ಸುಲಭ ಅನ್ನಿಸಿತು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಅರ್ಧ ಸಾಲಿನಲ್ಲಿ ಬರೆದಿದ್ದೀರಿ, ಗೆಳತಿ ಪ್ರತಿ ಭಾನುವಾರ ನಿಮಗೋಸ್ಕರ ಗೇಟಿನ ಹತ್ತಿರ ಕಾಯುತ್ತಾರೆ ಅಂತ. ನೀವು ವಾಪಸ್ ಹೋದ ದಿನ ಅವರು ಎಷ್ಟು ಹೊತ್ತು ನಿಂತಿದ್ದರು ಅಂತ ಕೇಳಿದ್ದೀರಾ? ಇವತ್ತೇ ಫೋನ್ ಮಾಡಿ ಕೇಳಿ.